ಎಂಜಿನ್ ಮೇಲಿನ ಮಂಚ

ಹಳೇ ಬಸ್ಸನ್ನು ಮನೆ ಮಾಡಲು ಎಂಟು ತಿಂಗಳು ಬೆವರು ಹರಿಸಿದೆ. ಸೀಟು ಕಿತ್ತೆ, ತುಕ್ಕು ಉಜ್ಜಿದೆ, ಒಲೆ ಕೂರಿಸಿದೆ. ಹತ್ತಿ ಇಳಿದು ನನ್ನ ಮಂಡಿನೋವೂ ವಾಸಿಯಾಯಿತು. ಯಾರಾದರೂ ಸಲಹೆ ಕೊಡಲು ಬಂದರೆ ಮಾತ್ರ ಮೈ ಉರಿಯುತ್ತಿತ್ತು. ಮೂವತ್ತು ವರ್ಷ ಬಸ್ಸು ರಿಪೇರಿ ಮಾಡಿದವನು ನಾನು.

ಅದರಲ್ಲೇ ಊರೂರು ಸುತ್ತಲು ಹೊರಡುವ ದಿನ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿರಬೇಕು, ಐದು ನಿಮಿಷದ ಕೆಲಸ ಎಂದು ಸ್ಪ್ಯಾನರ್ ಹಿಡಿದು ಹಿಂದಕ್ಕೆ ಹೋದವನು ಅಲ್ಲೇ ಕಲ್ಲಾಗಿ ನಿಂತೆ. ಎಂಜಿನ್ನಿನ ಮುಚ್ಚಳ ಇದ್ದದ್ದು ಕೊನೆಯ ಸೀಟಿನ ಕೆಳಗೆ. ಆ ಜಾಗದಲ್ಲೀಗ ಮಂಚ. ಹಲಗೆ ಗಡಗಡ ಅನ್ನಬಾರದು, ಮೊಳೆ ಹೊಡೆದು ಬಿಗಿ ಮಾಡು ಎಂದು ಬಡಗಿಗೆ ಹೇಳಿದವನೂ ನಾನೇ.

"ಕೊಡಲಿ ತಗೊಂಡು ಬಾ," ಎಂದೆ ಹೆಂಡತಿಗೆ.

ಅವಳು ಹಾಸಿಗೆ ಸುತ್ತಿ ಪಕ್ಕಕ್ಕಿಟ್ಟು, ಹಲಗೆಯ ಅಂಚಿಗೆ ಕೈ ಹಾಕಿ ಎತ್ತಿದಳು. ಅದು ಪೆಟ್ಟಿಗೆಯಂತೆ ತೆರೆದುಕೊಂಡಿತು. ಒಳಗೆ ಮಡಿಸಿಟ್ಟ ಹೊದಿಕೆಗಳು, ಅವುಗಳ ಕೆಳಗೆ ನನ್ನ ಮುಚ್ಚಳ.

"ಹೊದಿಕೆ ಇಡೋಕೆ ಜಾಗ ಬೇಕಿತ್ತು. ಬಡಗಿಗೆ ಹೇಳಿ ಕೀಲು ಹಾಕಿಸ್ದೆ."

ಹೋದ ಜೀವ ಬಂತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ನಂಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಬೇಡ ಅಂತಿದ್ರಿ."

ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಗುಡುಗಿತು. ಕೈ ಒರೆಸಿಕೊಳ್ಳುತ್ತಾ ಕೇಳಿದೆ, "ನಂಗೆ ಹೇಳದೆ ಇನ್ನೇನು ಮಾಡಿಸಿದೀಯ?"

"ಬಾಗಿಲ ಮೆಟ್ಟಿಲನ್ನ ನಾಲ್ಕು ಬೆರಳು ತಗ್ಗಿಸಿದೀನಿ," ಎಂದಳು. "ಮಂಡಿನೋವು ಹೋಯ್ತು ಅಂತ ಎರಡು ತಿಂಗಳಿಂದ ಊರಿಗೆಲ್ಲ ಹೇಳ್ಕೊಂಡು ಬರ್ತಿದೀರಲ್ಲ."