ಹೊರಕ್ಕೆ ಮಾತ್ರ ಸರಿಯುವ ಗುಂಡು

ಬೇಸಿಗೆ ಹುಟ್ಟುವ ದಿನ ನಮ್ಮ ಕಾಲುವೆಯೂರಿನಲ್ಲಿ ಮನುಷ್ಯರನ್ನು ತೂಗುತ್ತಾರೆ. ಕರ್ಪೂರ ಮರದ ಕೊಂಬೆಗೆ ಆಳುದ್ದದ ತೂಗುಕೋಲು ಕಟ್ಟಿ, ಅದರ ಒಂದು ತುದಿಗೆ ಬಿದಿರಿನ ಬುಟ್ಟಿ ನೇತುಹಾಕಿ, ಇನ್ನೊಂದು ಕಡೆಯ ಉದ್ದನೆಯ ತೋಳಿನ ಮೇಲೆ ಕಬ್ಬಿಣದ ಗುಂಡು ಸರಿಸುತ್ತಾರೆ. ಗುಂಡು ಹೊರಕ್ಕೆ ಮಾತ್ರ ಸರಿಯಬೇಕು. ಒಳಕ್ಕೆ ಸರಿಸಿದರೆ ಬುಟ್ಟಿಯಲ್ಲಿ ಕೂತವರ ಜೀವಶಕ್ತಿ ಬೇಸಿಗೆಯುದ್ದಕ್ಕೂ ಸೋರಿಹೋಗುತ್ತದಂತೆ. ಕಾಲುವೆಗೆ ಕಸ ಸುರಿಯಲು ಒಂದಿಷ್ಟೂ ಹಿಂಜರಿಯದ ಜನ ಈ ಒಂದು ಕಟ್ಟಳೆಯನ್ನು ಮಾತ್ರ ಮೀರುವುದಿಲ್ಲ.

ನಾನು ಈ ಊರಿನ ಸೊಸೆ. ಬಂದು ಇಷ್ಟು ವರ್ಷವಾದರೂ ಆ ಬುಟ್ಟಿಯಲ್ಲಿ ಕೂತವಳಲ್ಲ. ತೂಗುವ ಕುವಾಂಗ್ ತಾತ ಒಬ್ಬೊಬ್ಬರ ತೂಕವನ್ನೂ ಕಾಲುವೆಯ ಆಚೆ ದಡಕ್ಕೆ ಕೇಳಿಸುವಂತೆ ಕೂಗುತ್ತಾನೆ. ನನ್ನ ತೂಕ ಕಟ್ಟಿಕೊಂಡು ಆಚೆ ದಡದವರಿಗೆ ಏನಾಗಬೇಕು? ಪ್ರತಿ ವರ್ಷವೂ ಆ ದಿನಕ್ಕೆ ಸರಿಯಾಗಿ ನನಗೆ ತಲೆನೋವು ಬರುತ್ತಿತ್ತು.

ಈ ವರ್ಷ ತಲೆನೋವು ಬರಿಸಿಕೊಳ್ಳುವ ಹಾಗಿರಲಿಲ್ಲ. ಚಳಿಗಾಲದಲ್ಲಿ ಮಾವ ತೀರಿಕೊಂಡಿದ್ದರು. ಅಂದಿನಿಂದ ಅತ್ತೆ ರುಯಿಫಾಂಗ್ ಅನ್ನದ ಬಟ್ಟಲು ಮುಂದಿಟ್ಟುಕೊಂಡು, ನಾಲ್ಕು ಅಗುಳು ಆರಿಸಿ ತಿಂದು ಎದ್ದುಬಿಡುತ್ತಿದ್ದರು. ವೈದ್ಯ ಪಾಂಗ್ ಬಂದು ನಾಡಿ ಹಿಡಿದು, ದುಃಖ ಶ್ವಾಸಕೋಶದಲ್ಲಿ ಮನೆ ಮಾಡಿಕೊಂಡು ಈಗ ಹೊಟ್ಟೆಯನ್ನೂ ಒತ್ತುತ್ತಿದೆ ಎಂದು ಹೇಳಿ ಕಷಾಯ ಕೊಟ್ಟರು. ಅತ್ತೆ ಅದನ್ನು ದಿನಾ ಕಿಟಕಿಯ ಕಿತ್ತಳೆ ಗಿಡಕ್ಕೆ ಹೊಯ್ದರು. ಎಂದೂ ಕಾಯಿ ಬಿಡದ ಆ ಗಿಡ ಕಾಲವಲ್ಲದ ಕಾಲದಲ್ಲಿ ಮೈತುಂಬ ಕಾಯಿ ಬಿಟ್ಟಿತು. ಅದನ್ನು ನೋಡಿದ ವೈದ್ಯರಿಗೆ ತಮ್ಮ ಔಷಧದ ಬಗ್ಗೆ ಹೆಮ್ಮೆಯಾಯಿತೇ ಹೊರತು ಸಿಟ್ಟು ಬರಲಿಲ್ಲ. ಹೊರಡುವಾಗ ಮಾತ್ರ ನನ್ನನ್ನು ಬಾಗಿಲಾಚೆ ಕರೆದರು.

"ಹೀಗೇ ಬೇಸಿಗೆಗೆ ಕಾಲಿಟ್ರೆ ಉಳಿದಿರೋದೂ ಬೆವರಲ್ಲಿ ಹೋಗತ್ತೆ ಕಣಮ್ಮ. ಶರತ್ಕಾಲ ನೋಡೋದು ಕಷ್ಟ."

ಆ ದಿನ ಒಲೆಯ ಮುಂದೆ ನಿಂತು ಕಣ್ಣೀರು ಹಾಕಿದೆ. ಬಾಯಿ ಜೋರಿನ ಹೆಂಗಸು ನಿಜ, ನನ್ನ ಅಡುಗೆಯಲ್ಲಿ ಹುಳುಕು ಹುಡುಕದೆ ಒಂದು ತುತ್ತನ್ನೂ ಎತ್ತಿದವರಲ್ಲ. ಆದರೆ ಆ ಬಾಯಿ ಸುಮ್ಮನಾದ ಮೇಲೆ ಮನೆ ಬಿಕೋ ಎನ್ನುತ್ತಿತ್ತು.

ತೂಕದ ದಿನ ಅತ್ತೆ ತಾವಾಗಿಯೇ ಹೊರಟು ನಿಂತರು. ಒಂದು ವರ್ಷವೂ ತಪ್ಪಿಸಿಕೊಂಡವರಲ್ಲವಂತೆ. ಪ್ರತಿ ಸಲ ಮೊದಲು ಮಾವ, ಆಮೇಲೆ ಅತ್ತೆ. ಬಾತುಕೋಳಿ ಸಾಕುತ್ತಿದ್ದ ಮಾವ ದೈತ್ಯ ಆಳು, ಅವರು ಕೂತರೆ ಮರವೇ ಕಿರುಗುಟ್ಟುತ್ತಿತ್ತು.

ಈ ಸಲ ಅತ್ತೆಯೇ ಮೊದಲು ಕೂತರು. ಕುವಾಂಗ್ ತಾತ ಆಚೆ ನೋಡುತ್ತಲೇ ಗುಂಡನ್ನು ಸರ್ರನೆ ಎಳೆದು ಕೈಬಿಟ್ಟ. ತೋಳಿನ ತುದಿ ದಬ್ಬೆಂದು ನೆಲಕ್ಕೆ ಬಡಿಯಿತು, ಅತ್ತೆ ಸೊಯ್ಯನೆ ಮೇಲೆ ಹೋದರು. ಅವರ ಬಟ್ಟೆಯ ಚಪ್ಪಲಿ ನನ್ನ ತಲೆಯ ಮಟ್ಟದಲ್ಲಿ ತೂಗಾಡುತ್ತಿತ್ತು.

ತಾತ ಬೆಪ್ಪಾಗಿ ಗುಂಡನ್ನು ಹಿಂದಕ್ಕೆ ಎಳೆಯಲು ಕೈಹಾಕಿದ.

"ಮುಟ್ಟಬೇಡ," ಎಂದು ಮೇಲಿನಿಂದ ಅತ್ತೆ ಗದರಿದರು. "ಒಳಗೆ ಸರಿಸಿದ್ರೆ ನನ್ನ ಗತಿ ಏನಾಗಬೇಕು?"

ಚಳಿಗಾಲವಿಡೀ ಗಂಟುಮೂಟೆ ಕಟ್ಟಿಕೊಂಡು ಸಾವಿಗೆ ಕಾದು ಕೂತಿದ್ದ ಹೆಂಗಸು ಕೇಳಿದ ಪ್ರಶ್ನೆ ಇದು. ನನಗೆ ಕುಣಿಯಬೇಕೆನಿಸಿತು.

ನನ್ನ ಗಂಡ ಯೋಂಗ್‌ಗೆ ಯಾವ ಕಷ್ಟ ಬಂದರೂ ಮೊದಲು ಹೊಳೆಯುವುದು ಏಣಿ. ಏಣಿ ತಂದು ಅಮ್ಮನನ್ನು ಇಳಿಸುತ್ತೇನೆಂದ. ಕೋಲು ಸಮವಾಗುವ ಮೊದಲು ಇಳಿಯುವುದು ಗುಂಡನ್ನು ಒಳಕ್ಕೆ ಸರಿಸುವುದಕ್ಕಿಂತ ಕೆಟ್ಟದ್ದು ಎಂದು ಜನ ಅವನ ಮೇಲೆ ಬಿದ್ದರು. ಯಾರೋ ಬುಟ್ಟಿಗೆ ಕಲ್ಲು ಹಾಕೋಣವೆಂದರು. ಸಾಲಿನಲ್ಲಿ ನಿಂತಿದ್ದ ವೈದ್ಯ ಪಾಂಗ್ ಮುಂದೆ ಬಂದು, ಕಲ್ಲಿಗೆ ಜೀವಶಕ್ತಿ ಇಲ್ಲ, ಮೈ ಬೆಚ್ಚಗಿರುವುದು ಮಾತ್ರ ಲೆಕ್ಕಕ್ಕೆ ಎಂದು ತೀರ್ಪು ಕೊಟ್ಟರು. ಕಲ್ಲನ್ನು ಬಿಸಿ ಮಾಡಿ ತಂದರೆ ಹೇಗೆ ಎಂದು ಇನ್ನೊಬ್ಬರು ಕೇಳಿದರು. ವೈದ್ಯರು ಅದನ್ನೂ ಗಡ್ಡ ನೀವಿಕೊಂಡು ಯೋಚಿಸಿ, ಬೇಡವೆಂದರು. ಮಾವ ಹೋದ ಮೇಲೆ ನಮ್ಮ ಬಾತುಕೋಳಿಗಳನ್ನು ಮಾರಿಯಾಗಿತ್ತು, ಪಕ್ಕದ ಮನೆಯಾಕೆ ತನ್ನದೊಂದನ್ನು ತಂದಳು. ಅದು ಬೇರೆ ಮನೆಯ ಜೀವ, ಈ ಮನೆಯದಕ್ಕೆ ಬೆರೆಯಬಾರದು ಎಂದು ಅದನ್ನೂ ವಾಪಸು ಕಳಿಸಿದರು.

ಉಳಿದದ್ದು ಒಂದೇ ದಾರಿ, ತಿಂದು ಭಾರವಾಗುವುದು.

ಮನೆಮನೆಯಿಂದ ಹಬ್ಬದಡುಗೆ ಬಂತು. ನಾನು ಯೋಂಗ್ ತಂದ ಏಣಿ ಹತ್ತಿ ಹಸಿ ಬಟಾಣಿ ಅನ್ನದ ಬಟ್ಟಲನ್ನು ಅತ್ತೆಯ ಕೈಗಿಟ್ಟೆ. ಅವರು ಒಂದು ತುತ್ತು ತಿಂದು ನನ್ನ ಮುಖ ನೋಡಿದರು.

"ಉಪ್ಪೇ ಇಲ್ಲ."

ಮಾವ ಹೋದ ಮೇಲೆ ನನ್ನ ಅಡುಗೆಗೆ ಸಿಕ್ಕ ಮೊದಲ ಬೈಗುಳ. ಖುಷಿಗೆ ಏಣಿಯಿಂದ ಬೀಳುವುದೊಂದು ಬಾಕಿ.

ಕಾಲಿಗೆ ಬಲ ಬರಲೆಂದು ಕಳಲೆ, ಎದೆಗೆ ಗಟ್ಟಿಯೆಂದು ಚಹಾದಲ್ಲಿ ಬೇಯಿಸಿದ ಮೊಟ್ಟೆ, ಅದರ ಮೇಲೆ ಮೀನಿನ ಸಾರು. ಅತ್ತೆ ಗೊಣಗುತ್ತಾ ಎಲ್ಲವನ್ನೂ ತಿಂದರು. ಕೋಲು ಮಿಸುಕಲಿಲ್ಲ. ವೈದ್ಯರು ನನ್ನನ್ನು ಇಳಿಸಿ ತಾವು ಏಣಿ ಹತ್ತಿ ನಾಡಿ ಹಿಡಿದು, ನಿಟ್ಟುಸಿರು ಬಿಡಬೇಡಿ, ಒಂದೊಂದು ನಿಟ್ಟುಸಿರಿಗೂ ತೂಕ ಇಳಿಯುತ್ತಿದೆ ಎಂದು ಎಚ್ಚರಿಸಿದರು. ಅಷ್ಟರಲ್ಲಿ ಸಾರು ತನ್ನ ಕೆಲಸ ಶುರುಮಾಡಿತ್ತು. ಅತ್ತೆ ಕಾಲಿನ ಮೇಲೆ ಕಾಲು ಬಿಗಿದು ಕೂತು, ಈಗ ಹೋದರೆ ತಿಂದದ್ದೆಲ್ಲ ದಂಡವೆಂದು ಹಟ ಹಿಡಿದರು. ಸಾಲಿನಲ್ಲಿದ್ದವರು ನೆರಳು ಹುಡುಕಿಕೊಂಡು ಕೂತರು. ಬಿಸಿಲು ಏರುತ್ತಿತ್ತು. ಅತ್ತೆಯ ಹಣೆಯಲ್ಲಿ ಬೆವರು ಕಂಡಾಗ, ವೈದ್ಯರು ಬಾಗಿಲಾಚೆ ಹೇಳಿದ ಮಾತು ನೆನಪಾಯಿತು.

ಅತ್ತೆ ಬುಟ್ಟಿಯಿಂದ ಬಗ್ಗಿ, ಗುಂಡು ನಿಂತ ಜಾಗವನ್ನು ನೋಡಿದರು. ಅಲ್ಲಿ ಕೋಲಿಗೆ ಒಂದು ಹಳೆಯ ಕೆಂಪು ದಾರ ಕಟ್ಟಿತ್ತು.

"ಇದು ನಮ್ಮನೆಯವರ ತೂಕದ ಗುರುತಲ್ವಾ?"

ಕುವಾಂಗ್ ತಾತ ತಲೆ ತಗ್ಗಿಸಿದ. "ಕೈ ತಾನಾಗೇ ಅಲ್ಲಿಗೆ ಹೋಯ್ತು ಅತ್ತಿಗೆ. ನಿಮ್ಮನೇಲಿ ಮೊದಲು ಕೂರ್ತಿದ್ದಿದ್ದು ಅವನೇ ಅಲ್ವಾ? ಅವನಿಲ್ಲ ಅನ್ನೋದು ನನ್ನ ಕೈಗಿನ್ನೂ ಗೊತ್ತಾಗಿಲ್ಲ."

ಅತ್ತೆ ಆ ದಾರವನ್ನೇ ನೋಡಿದರು. ನಿಟ್ಟುಸಿರು ಬಂದಿರಬೇಕು, ಅದನ್ನು ನುಂಗಿಕೊಂಡರು.

"ಅವರಷ್ಟು ತೂಕಕ್ಕೆ ನಾನೊಬ್ಬಳೇ ಎಲ್ಲಿ ಸಾಲ್ತೀನಿ?" ಎಂದರು ಕೊನೆಗೆ.

ಯೋಂಗ್ ತಾನು ಹತ್ತುತ್ತೇನೆಂದು ಅಂಗಿಯ ತೋಳು ಮಡಚಿದ. ಅತ್ತೆ ಕೈಯಾಡಿಸಿ ಬೇಡವೆಂದರು.

"ನೀನು ಏಣಿ ಹಿಡ್ಕೊ. ದಿನಾ ಬಟ್ಟಲು ಹಿಡ್ಕೊಂಡು ನನ್ನೆದುರು ಕೂತು ಕಾಯೋಳು ಅವಳು. ಅವಳು ಬರಲಿ."

ಇಡೀ ಊರು ನನ್ನತ್ತ ತಿರುಗಿತು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರೂ ಕೈ ನಿಲ್ಲಿಸಿ ನೋಡಿದರು. ಒಂದು ಕ್ಷಣ ತಲೆನೋವೂ ಬಂತು. ಅದನ್ನು ಕೆಳಗೇ ಬಿಟ್ಟು ಏಣಿ ಹತ್ತಿದೆ. ನಾನು ಬುಟ್ಟಿಯೊಳಗೆ ಕಾಲಿಟ್ಟದ್ದೇ ತಡ ಮರ ಕಿರುಗುಟ್ಟಿತು. ಎಷ್ಟೋ ತಿಂಗಳ ನಂತರ ಆ ಸದ್ದು ಕೇಳಿದ ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಬುಟ್ಟಿ ಮೆಲ್ಲಗೆ ಕೆಳಗಿಳಿಯಿತು. ಕೋಲಿನ ತುದಿ ನೆಲ ಬಿಟ್ಟು ಎದ್ದು, ಸಮದ ಮಟ್ಟವನ್ನೂ ದಾಟಿ ಮೇಲೇರಿತು. ತಾತ ಬೆರಳ ತುದಿಯಿಂದ ಗುಂಡನ್ನು ಕೆಂಪು ದಾರದಿಂದ ಆಚೆಗೆ, ಹೊರಕ್ಕೆ, ಕೂದಲೆಳೆಯಷ್ಟು ತಳ್ಳಿದ. ಕೋಲು ಸಮವಾಗಿ ನಿಂತಿತು.

ತಾತ ತೂಕ ಕೂಗಿದ. ಆಚೆ ದಡದಿಂದ, ಅಷ್ಟೊಂದು ತೂಕ ಯಾರದಪ್ಪಾ ಎಂದು ಯಾರೋ ಕೇಳಿದರು. ಬಾತುಕೋಳಿಯವರ ಮನೆಯದು ಎಂದು ತಾತ ಪ್ರತಿ ವರ್ಷ ಕೂಗುವ ಹಾಗೆಯೇ ಕೂಗಿದ. ಅತ್ತೆ ಅದನ್ನು ಕೇಳಿಸಿಕೊಳ್ಳುತ್ತಲೇ ಪಾಯಿಖಾನೆಯ ಕಡೆಗೆ ಓಡಿದರು.

ಆ ಸಂಜೆ ಊಟಕ್ಕೆ ಕೂತಾಗ ನಾನು ಎಂದಿನಂತೆ ಅವರ ಬಟ್ಟಲನ್ನೇ ನೋಡುತ್ತಿದ್ದೆ. ಅವರು ನನ್ನ ಬಟ್ಟಲನ್ನು ನೋಡುತ್ತಿದ್ದರು.

"ನನ್ನ ಬಟ್ಟಲೇನು ನೋಡ್ತೀಯ, ತಿನ್ನು," ಎಂದರು. "ಶರತ್ಕಾಲದಲ್ಲಿ ಮತ್ತೆ ತೂಗ್ತಾರೆ. ನೀನು ಕಮ್ಮಿ ಬಂದ್ರೆ ಮರ್ಯಾದೆ ಹೋಗೋದು ನಿಮ್ಮ ಮಾವಂದು."

ಹಾಗೆಂದು ತಮ್ಮ ಬಟ್ಟಲನ್ನು ಮುಂದೆ ಚಾಚಿ, ಇನ್ನಷ್ಟು ಅನ್ನ ಹಾಕಿಸಿಕೊಂಡರು.