ತಣ್ಣಗಿನ ರೀಡಿಂಗ್

ಮೊದಲ ಸಾಲಿನ ನಾಲ್ಕು ಬಟ್ಟಲು ಹಾಳಾಗಿವೆ ಎಂಬುದು ನಿಶಾತಳಿಗೆ ಭಾನುವಾರವೇ ಗೊತ್ತಿತ್ತು.

ಮುಂಬೈ ಚೆಂಬೂರಿನ ಆ ಲ್ಯಾಬಿನಲ್ಲಿ ಅವಳದು ಹನ್ನೊಂದು ತಿಂಗಳ ಕಾಂಟ್ರಾಕ್ಟ್. ಪುಟ್ಟ ಪ್ಲಾಸ್ಟಿಕ್ ಬಟ್ಟಲುಗಳ ತಳದ ಪೊರೆಯ ಮೇಲೆ ಕರುಳಿನ ಕೋಶಗಳನ್ನು ಬೆಳೆಸುವುದು ಕೆಲಸ. ಇಪ್ಪತ್ತೊಂದು ದಿನಕ್ಕೆ ಅವು ಒತ್ತಾಗಿ ಹಾಸಿನಂತೆ ಹರಡುತ್ತವೆ. ಆಮೇಲೆ ಮೇಲೆ ಗ್ಲೂಕೋಸ್ ಹಾಕಿ, ಕೋಶಗಳು ಕೆಳಗೆ ಎಷ್ಟು ದಾಟಿಸಿದವೆಂದು ಅಳೆಯಬೇಕು. ಹಾಸಿನಲ್ಲಿ ತೂತಿದ್ದರೆ ಗ್ಲೂಕೋಸ್ ತಾನೇ ಸೋರುತ್ತದೆ, ಅಳತೆ ಸುಳ್ಳಾಗುತ್ತದೆ.

ಭಾನುವಾರ ಮೆಗಾಬ್ಲಾಕ್ ಇತ್ತು, ಹಳಿ ರಿಪೇರಿಗೆಂದು ಹನ್ನೊಂದರ ನಂತರ ರೈಲು ಬಂದ್. ಹನ್ನೊಂದರೊಳಗೆ ಲೋಕಲ್ ಹಿಡಿಯುವ ಅವಸರದಲ್ಲಿ ದ್ರಾವಣ ಬದಲಿಸುವಾಗ, ಬಟ್ಟಲಿನ ಗೋಡೆಗೆ ಆನಿಸಬೇಕಾದ ಪಿಪೆಟ್ಟನ್ನು ನೇರ ಇಳಿಸಿದ್ದಳು. ಮೊದಲ ಸಾಲಿನ ನಾಲ್ಕರಲ್ಲೂ ತುದಿ ಪೊರೆಗೆ ತಾಗಿತ್ತು.

ಇಂದು ಇಪ್ಪತ್ತೊಂದನೆಯ ದಿನ. ಹಾಸು ಗಟ್ಟಿಯಿದ್ದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ ಮುನ್ನೂರು ಓಮ್ ದಾಟಬೇಕು. ಆ ನಾಲ್ಕರಲ್ಲಿ ಇನ್ನೂರ ನಲವತ್ತೂ ಇರಲಿಲ್ಲ. ಹನ್ನೆರಡು ಬಟ್ಟಲಿನ ಪ್ಲೇಟ್ ತಣ್ಣಗಾದರೆ ರೀಡಿಂಗ್ ಏರುತ್ತದೆ. ಅದಕ್ಕೇ ಇನ್‌ಕ್ಯುಬೇಟರಿನ ಬಿಸಿ ಆರುವ ಮೊದಲೇ ಅಳೆಯಬೇಕೆಂಬ ನಿಯಮ. ನಿಶಾತ ಪ್ಲೇಟನ್ನು ಎಸಿಯ ಕೆಳಗಿಟ್ಟು ಕಾದಳು. ಮೊದಲನೆಯದು ಮುನ್ನೂರ ಹದಿನೆಂಟು ಬಂತು, ಉಳಿದ ಮೂರೂ ಮುನ್ನೂರು ದಾಟಿದವು. ಬರೆದಳು.

ಶಿವಕುಮಾರಿ ಮೇಡಮ್ ಬಂದರು. ಕಲಬುರ್ಗಿಯವರು, ಲ್ಯಾಬಿನ ಮುಖ್ಯಸ್ಥೆ. ಕಾಂಟ್ರಾಕ್ಟ್ ಮುಂದುವರಿಸುವ ಕಾಗದಕ್ಕೆ ಶುಕ್ರವಾರ ಸಹಿ ಹಾಕಬೇಕಾದವರು ಅವರೇ.

"ಎಲ್ಲಾ ಮುನ್ನೂರರ ಮ್ಯಾಲ ಅದಾವ?"

"ಅದಾವ್ರಿ ಮೇಡಮ್."

ಮೇಡಮ್ ಪುಸ್ತಕದ ಅಂಕಿ ನೋಡಿದರು. "ಮದಲ್ನೇ ಸಾಲು ನಿನ್ನಂಗ ಸಣಕಲ ಅದ. ನಾಷ್ಟಾ ಮಾಡಿಸಿಲ್ಲೇನು?"

ನಿಶಾತ ನಗಲು ನೋಡಿದಳು. ಮೇಡಮ್ ಮಗುವಿನ ಹಣೆ ಮುಟ್ಟಿ ಜ್ವರ ನೋಡುವಂತೆ ಪ್ಲೇಟಿನ ತಳಕ್ಕೆ ಅಂಗೈಯ ಹಿಂಬದಿ ಇಟ್ಟರು.

"ಎಷ್ಟೊತ್ತಾತು ಹೊರಗ ತಗದು?"

"ಈಗ... ಈಗೇ."

ಮೇಡಮ್ ಅವಳನ್ನು ನೋಡಲಿಲ್ಲ. ಪ್ಲೇಟನ್ನು ಅರ್ಧ ಗಂಟೆ ಮತ್ತೆ ಬೆಚ್ಚಗಿಡಲು ಅಟೆಂಡರನಿಗೆ ಹೇಳಿದರು: "ಅಮೋಲ್, ಆಧಾ ಘಂಟಾ ಇನ್‌ಕ್ಯುಬೇಟರ್ ಮೇ ರಖ್." ಇವಳಿಗೆ: "ಆಮ್ಯಾಲ ನನ್ನ ಮುಂದ ಅಳಿ."

ಅವಳು ಇನ್‌ಕ್ಯುಬೇಟರಿನ ಎದುರು ನಿಂತಳು. ಕೆಲಸ ಹೋದರೆ ಮಾನ್‌ಖುರ್ದಿನ ರೂಮು ಬಿಟ್ಟು ವಿಜಯಪುರಕ್ಕೆ ವಾಪಸು. ಈ ಕೆಲಸ ನಿಲ್ಲುವುದಿಲ್ಲ, ಊರಿಗೇ ಬಾ ಎಂದು ಅಣ್ಣ ಯೂನುಸ ಮೊದಲೇ ಹೇಳಿದ್ದ. ಚಪ್ಪಲಿಯೊಳಗೆ ಪಾದ ಬೆವತು ಜಾರುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಪುಸ್ತಕ ತೆರೆದು ನಾಲ್ಕೂ ಅಂಕಿ ಹೊಡೆದುಹಾಕಿ, ಮೊದಲು ಬಿಸಿಯಲ್ಲಿ ಬಂದಿದ್ದವನ್ನು ಬರೆದು, ಕೆಳಗೆ ಸೇರಿಸಿದಳು: ಭಾನುವಾರ ಪಿಪೆಟ್ ತಾಗಿದೆ. ನಿಶಾತ. ಅದು ಧೈರ್ಯವಲ್ಲ. ಇನ್ನು ಹತ್ತು ನಿಮಿಷಕ್ಕೆ ಮಷಿನ್ನೇ ಹೇಳುತ್ತಿತ್ತು.

ಮೇಡಮ್ ಓದಿದರು. "ಅದೂ ಹೆದ್ರಿ ಬರದಿ, ಇದೂ ಹೆದ್ರೇ ಬರದಿ."

"ಹೌದ್ರಿ."

ಪ್ಲೇಟ್ ಹೊರಗೆ ತೆಗೆಸಿ, ಮುಚ್ಚಳದ ಮೇಲೆ ನಾಲ್ಕು ಕೆಂಪು ಗೀಟು ಎಳೆದರು. "ಉಳಿದ ಎಂಟರಾಗ ಮಾಡೋಣು. ಗ್ಲೂಕೋಸ್ ನೀ ಹಾಕು."

"ನಾನ್ರಿ?"

"ಮತ್ತ ಅಮೋಲ ಹಾಕ್ತಾನೇನು?"

"ಮೇಡಮ್, ನನ್ನ ಕಾಗದ..."

"ಶುಕ್ರವಾರ ನೋಡೋಣು."

ನಿಶಾತ ಪಿಪೆಟ್ ಎತ್ತಿದಳು. ತುದಿಯನ್ನು ಗೋಡೆಗೆ ಆನಿಸಿದಳು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಮೇಡಮ್ ಪಕ್ಕದಲ್ಲೇ ನಿಂತು ಅವಳ ಕೈಯನ್ನೇ ನೋಡುತ್ತಿದ್ದರು.