ಅಂಗೈಯ ದಿಕ್ಕು

ಮಾರುತ್ತಿದ್ದಾಳೆ, ಟೀವಿಯಲ್ಲಿ ಮಗಳು ಬಲಗೈ ಎತ್ತಿದ್ದೇ ತಡ ಹಾಗಂದುಕೊಂಡ ಕಾಜಿಮಿರ್, ಅಂಗೈ ಹೊರಕ್ಕೆ, ಬೆರಳು ನೆಟ್ಟಗೆ—ಅಯ್ಯೋ ಪೆದ್ದಾ, ಅದು ಪ್ರಮಾಣವಚನ, ವಾಷಿಂಗ್ಟನ್ನಿನಲ್ಲಿ ದೊಡ್ಡವರ ಮುಂದೆ ನಿಜವನ್ನೇ ಹೇಳುತ್ತೇನೆ ಎನ್ನುವುದು, ಆದರೆ ಶಿಕಾಗೋದ ಮೆಕ್ಕೆಜೋಳದ ಪೇಟೆಯಲ್ಲಿ ಮೂವತ್ತೊಂದು ವರ್ಷ ನಿಂತವನಿಗೆ ಅಂಗೈ ಹೊರಗಾದರೆ ಮಾರಾಟ, ಒಳಗಾದರೆ ಖರೀದಿ, ಆ ಗದ್ದಲದಲ್ಲಿ ಕೈಯೇ ಬಾಯಿ—ಟೀವಿಗೆ ಕೈಯಾಡಿಸ್ಬೇಡ ಮಾರಾಯ, ಕಾಫಿ ಚೆಲ್ಲುತ್ತೆ, ಅಡುಗೆಮನೆಯಿಂದ ಹೆಂಡತಿ ಯಾದ್ವೀಗಾ—ಆಗ ನಾಲ್ಕು ವರ್ಷದ ಮಗಳು ಡನೂಟಾ ಕಿಟಕಿಯಲ್ಲಿ ನಿಂತು ಟಾಟಾ ಮಾಡುತ್ತಿದ್ದಳು, ಕೆಲಸಕ್ಕೆ ಹೊರಟವನು ಬೀದಿಯಿಂದ ಕೂಗುತ್ತಿದ್ದ, ಅಪ್ಪನ್ನೇ ಮಾರ್ತೀಯೇನೇ ಕಳ್ಳಿ, ಅವಳು ಥಟ್ಟನೆ ಅಂಗೈ ತನ್ನ ಕಡೆಗೆ ತಿರುಗಿಸುವಳು, ಇಲ್ಲಪ್ಪಾ, ಕೊಂಡ್ಕೋತೀನಿ, ಆಮೇಲೆ ಸ್ಕೂಲಿನಲ್ಲೂ ಹಾಗೇ ಟಾಟಾ ಮಾಡಿ ನಗೆಪಾಟಲಾದಳು. ಈಗ ಅವಳು ಕೇಂದ್ರ ಸರ್ಕಾರದ ಆಯೋಗದಲ್ಲಿ ಪೇಟೆಗಳನ್ನು ಕಾಯುವವಳು, ಜನ ಜೋಳ ಬಿಟ್ಟು ಆಟದ ಸೋಲು ಗೆಲುವನ್ನೇ ಕೊಳ್ಳುತ್ತಾರೆ ಮಾರುತ್ತಾರೆ, ಅದಕ್ಕೂ ಪೇಟೆ, ಇರಲಿ, ಅದಕ್ಕೆಲ್ಲ ಅಡ್ಡಿಯಿಲ್ಲ ಎಂದಳು, ಆದರೆ ಬೇಸ್‌ಬಾಲಿನ ಮೊದಲ ಎಸೆತ ಸರಿಯೋ ತಪ್ಪೋ ಎಂದು ಹಣ ಕಟ್ಟುವ ಒಂದು ವ್ಯವಹಾರ ಮಾತ್ರ ಬೇಡ ಎಂದು ವರದಿ ಬರೆದಳು, ಮೇಲಿನವರು ಕಣ್ಣು ಕೆಂಪು ಮಾಡಿದರೂ ಬರೆದಳು, ಇವತ್ತು ಆಯೋಗ ಒಪ್ಪದಿದ್ದರೆ ಕೆಲಸ ಉಳಿಯುವುದಿಲ್ಲ, ಮೇಜು ಖಾಲಿ ಮಾಡಿಟ್ಟಿದೀನಪ್ಪಾ ಎಂದು ಭಾನುವಾರ ಫೋನಿನಲ್ಲಿ ನಕ್ಕಳು, ಆ ನಗೆ ಇವನಿಗೆ ಗೊತ್ತು.

ಆ ಆಟದ ಪೇಟೆಯವರ ವಕೀಲ ಎದ್ದ, ಹೊಳೆಯುವ ಟೈ, ನಿಮ್ಮ ತಂದೆ ಜೋಳದ ದರ ಕೂಗಿ ನಿಮ್ಮನ್ನ ಓದಿಸಿದ್ರಂತಲ್ಲ ಮೇಡಂ, ಅದು ಸರಿ, ಇದು ತಪ್ಪಾ—ಕಾಜಿಮಿರನ ಕಿವಿ ಬಿಸಿಯಾಯಿತು, ನನ್ನನ್ಯಾಕೆ ಎಳೀತೀಯೋ, ಎಲ್ಲಿ ತಡವರಿಸುತ್ತಾಳೋ, ಇಲ್ಲ, ನೀರು ಕುಡಿದಳು, ಲೋಟವನ್ನು ಸದ್ದಾಗದಂತೆ ಇಟ್ಟಳು, ಜೋಳದ ದರ ಏರಿಸೋಕೆ ಮಳೆಗೆ ಯಾರೂ ಲಂಚ ಕೊಡೋಕಾಗಲ್ಲ ಸಾರ್, ಮೊದಲ ಎಸೆತ ಕೆಡಿಸೋಕೆ ಎಸೆಯೋನೊಬ್ಬನ ಮಣಿಕಟ್ಟು ಸಾಕು. ಅಷ್ಟೇ. ಐದನೇ ಕ್ಲಾಸು ದಾಟದವನಿಗೂ ಎದೆಗೆ ಇಳಿಯುವ ಹಾಗೆ, ಮೂವತ್ತೊಂದು ವರ್ಷ ತನ್ನ ಮೈಗೆ ಗೊತ್ತಿದ್ದು ಬಾಯಿಗೆ ಬಾರದ ಮಾತು, ಎಲ್ಲಿಂದ ತಂದಳೋ, ವಕೀಲ ಕಾಗದ ತಿರುವಿಹಾಕಿದ, ಇನ್ನೊಮ್ಮೆ ತಿರುವಿಹಾಕಿದ, ಕೂತ.

ನಡುವಿನ ಕುರ್ಚಿಯ ಮುದುಕಿ, ಆಯೋಗದ ಅಧ್ಯಕ್ಷೆ, ಕನ್ನಡಕ ತೆಗೆದಳು, ಈ ವ್ಯವಹಾರ ಇವತ್ತಿಂದಲೇ ನಿಲ್ಲಲಿ—ಏನಂದ್ರು, ಗೆದ್ದಳಾ, ಬಾಯಿ ಬಿಡೋ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ಯಾದ್ವೀಗಾ, ಅವಳ ಹಿಟ್ಟಿನ ಕೈ ಹಿಡಿದು ಟೀವಿಯತ್ತ ಎಳೆದ, ಡನೂಟಾ ಎದ್ದು ಕಾಗದ ಜೋಡಿಸಿಕೊಂಡಳು, ಕ್ಯಾಮೆರಾದ ಕಡೆ ಒಂದು ಕ್ಷಣ ನೋಡಿ ಬಲಗೈಯನ್ನು ಎದೆಯ ಹತ್ತಿರ, ಯಾರಿಗೂ ಕಾಣದಷ್ಟು ಸಣ್ಣಗೆ ಆಡಿಸಿದಳು—ಬೇರೆ ಯಾರೋ ಮಾತಾಡುತ್ತಿದ್ದಾರೆ ಈಗ, ಕಾಫಿ ಆರಿದೆ, ಕಿಟಕಿ, ಬೀದಿ, ಅಂಗೈ, ಒಳಕ್ಕೆ ತಿರುಗಿದ ಅಂಗೈ, ಒಳಕ್ಕೆ